ಕಾಲುವೆ ಕಟ್ಟೋಕೆ ದುಡ್ಡು ಸಿಗುತ್ತೆ, ಕಾಯೋಕೆ?

ಬೆಂಗಳೂರಿನ ಕೋರಮಂಗಲ ಕಣಿವೆಯ ತಗ್ಗಿನ ಬೀದಿಯೊಂದರಲ್ಲಿ ನನಗೆ ಪರಿಚಯದ ಒಂದು ಮನೆ ಇದೆ. ನೆಲಮಹಡಿ, ಎರಡೇ ಕೋಣೆ. ಮುಂಬಾಗಿಲ ಎರಡೂ ಪಕ್ಕ ಗೋಡೆಗೆ ಕಬ್ಬಿಣದ ಪಟ್ಟಿ ಕೂರಿಸಿದ್ದಾರೆ. ಮೋಡ ಕಟ್ಟಿತು ಅಂದರೆ ಆ ಪಟ್ಟಿಯೊಳಗೆ ಮೊಣಕಾಲೆತ್ತರದ ಹಲಗೆ ಇಳಿಸಿ, ಸಂದಿಗೆಲ್ಲ ಹಳೇ ಬಟ್ಟೆ ತುರುಕುತ್ತಾರೆ. ಫ್ರಿಜ್ ವರ್ಷವಿಡೀ ಸಿಮೆಂಟ್ ಇಟ್ಟಿಗೆಗಳ ಮೇಲೇ ನಿಂತಿರುತ್ತದೆ. ಅಕ್ಕಿ ಡಬ್ಬ ಅಟ್ಟದಲ್ಲಿ. ಗ್ಯಾಸ್ ಸಿಲಿಂಡರನ್ನು ಕಿಟಕಿಯ ಸರಳಿಗೆ ಹಗ್ಗದಲ್ಲಿ ಬಿಗಿದಿದ್ದಾರೆ. ಒಮ್ಮೆ ಖಾಲಿ ಸಿಲಿಂಡರ್ ತೇಲಿಕೊಂಡು ಹೊರಟಿತ್ತಂತೆ.

‘ಮುಂದಿನ ಬಾಗಿಲು ಹೆಂಗೋ ತಡೀಬೋದಣ್ಣ. ನೀರು ಬರೋದು ಬಚ್ಚಲಿಂದ’ ಅಂದರು ಆ ಮನೆಯ ಅಕ್ಕ. ಊರಿನ ಮಳೆನೀರು ಸಾಗಿಸುವ ರಾಜಕಾಲುವೆ ತುಂಬಿದಾಗ ಅದಕ್ಕೆ ಸೇರುವ ಪೈಪುಗಳಲ್ಲಿ ನೀರು ಹಿಂದಕ್ಕೆ ಒತ್ತುತ್ತದೆ. ಬಚ್ಚಲ ತೂತಿನಿಂದ ಕಪ್ಪು ನೀರು ಗುಳುಗುಳು ಅಂತ ಮೇಲೇಳುತ್ತದೆ. ಅದಕ್ಕಾಗಿ ಒಂದು ಮರಳಿನ ಮೂಟೆ ಬಚ್ಚಲ ಮೂಲೆಯಲ್ಲಿ ಯಾವಾಗಲೂ ಸಿದ್ಧವಾಗಿರುತ್ತದೆ. ಹೊರಡುವಾಗ ಅವರು ಕೇಳಿದ ಒಂದು ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ‘ಕಾಲುವೆಗೆ ಅಷ್ಟು ಕೋಟಿ ಬಂತು, ಇಷ್ಟು ಕೋಟಿ ಬಂತು ಅಂತ ಟಿವೀಲಿ ಹೇಳ್ತಾನೇ ಇರ್ತಾರೆ. ಅದು ಬರೋದಾದ್ರೂ ಎಲ್ಲಿಗೆ?’

ಕೇಳಬೇಕಾದ ಪ್ರಶ್ನೆಯೇ ಅದು. ಒಂದು ನಗರ ತನ್ನ ಹಳ್ಳಕೊಳ್ಳ ಸರಿಮಾಡಿಕೊಳ್ಳಲು ಅನುದಾನ ಕೇಳುತ್ತದೆ ಅಂದರೆ ಏನು? ಯಾರನ್ನು ಕೇಳುತ್ತದೆ? ಸಿಕ್ಕ ಹಣ ಯಾವುದಕ್ಕೆ ಸಾಲುತ್ತದೆ, ಯಾವುದಕ್ಕೆ ಸಾಲುವುದಿಲ್ಲ? ಸ್ವಲ್ಪ ಲೆಕ್ಕ ಹಾಕಿ ನೋಡೋಣ.

250 ಕೋಟಿಯ ಕಥೆ

15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಐದು ವರ್ಷಕ್ಕೆ ಒಂದು ಹೊಸ ದಾರಿ ತೆರೆಯಿತು. ಅಲ್ಲಿಯವರೆಗೆ ವಿಪತ್ತು ನಿಧಿ ಅಂದರೆ ಅನಾಹುತ ಆದ ಮೇಲೆ ಕೊಡುವ ಪರಿಹಾರದ ದುಡ್ಡು. ಅನಾಹುತ ಆಗುವ ಮೊದಲೇ ಅದನ್ನು ತಗ್ಗಿಸುವ ಕೆಲಸಕ್ಕೂ ಒಂದು ಪಾಲು ಇರಲಿ ಅಂತ ಆಯೋಗ ಹೇಳಿತು. ಒಟ್ಟು ನಿಧಿಯ ಶೇ 20ರಷ್ಟು, ಅಂದರೆ 13,693 ಕೋಟಿ ರೂಪಾಯಿ, ರಾಷ್ಟ್ರೀಯ ವಿಪತ್ತು ತಗ್ಗಿಸುವಿಕೆ ನಿಧಿಗೆ ಹೋಯಿತು. ಅದರೊಳಗೆ ನಗರಗಳ ಪ್ರವಾಹಕ್ಕೆ ಅಂತಲೇ 2,500 ಕೋಟಿ. ಮುಂಬೈ, ಚೆನ್ನೈ, ಕೋಲ್ಕತ್ತಗೆ ತಲಾ 500 ಕೋಟಿ. ಬೆಂಗಳೂರು, ಹೈದರಾಬಾದ್, ಅಹಮದಾಬಾದ್, ಪುಣೆಗೆ ತಲಾ 250 ಕೋಟಿ.

ಆಯೋಗದ ವರದಿ ಸಂಸತ್ತಿಗೆ ಬಂದಿದ್ದು 2021ರ ಫೆಬ್ರವರಿಯಲ್ಲಿ. ಬೆಂಗಳೂರೂ ಸೇರಿದಂತೆ ಆರು ನಗರಗಳ ಯೋಜನೆಗಳಿಗೆ ಕೇಂದ್ರದ ಉನ್ನತ ಮಟ್ಟದ ಸಮಿತಿ ಒಪ್ಪಿಗೆ ಕೊಟ್ಟಿದ್ದು 2024ರ ಜುಲೈನಲ್ಲಿ. ನಡುವೆ ಮೂರು ಮಳೆಗಾಲ ಕಳೆದವು. ಅದರಲ್ಲಿ ಒಂದು 2022ರದು.

2022ರ ಸೆಪ್ಟೆಂಬರ್ 4ರ ರಾತ್ರಿ ನೆನಪಿರಬೇಕಲ್ವಾ? ಮರುದಿನ ಬೆಳಿಗ್ಗೆ ಅಳೆದಾಗ ನಗರದಲ್ಲಿ 131.6 ಮಿ.ಮೀ. ಮಳೆ. ಸರ್ಜಾಪುರ ರಸ್ತೆ, ಬೆಳ್ಳಂದೂರು, ಯಮಲೂರು ಕಡೆ ಕೋಟಿಗಟ್ಟಲೆ ಬೆಲೆಯ ಮನೆಯವರನ್ನು ದೋಣಿಯಲ್ಲಿ ಹೊರಗೆ ತಂದರು. ಐಟಿ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಅದೇ ಹೊತ್ತಿಗೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪ್‌ಹೌಸ್‌ಗೂ ನೀರು ನುಗ್ಗಿ ಬೆಂಗಳೂರಿಗೆ ಕಾವೇರಿ ನೀರು ನಿಂತುಹೋಯಿತು. ಮನೆಯೊಳಗೆ ಸೊಂಟದವರೆಗೆ ನೀರು, ನಲ್ಲಿಯಲ್ಲಿ ಒಂದು ಹನಿ ಇಲ್ಲ.

ಅನುದಾನದ ನಿಧಾನ ಇಲ್ಲೇ ಕಾಣುತ್ತದೆ. ಮಾರ್ಗಸೂಚಿ ಬರಬೇಕು. ಅದಕ್ಕೆ ತಕ್ಕ ಹಾಗೆ ನಗರ ವಿವರವಾದ ಯೋಜನಾ ವರದಿ ಮಾಡಿಸಬೇಕು. ಅದು ರಾಜ್ಯದ ಮೂಲಕ ದೆಹಲಿಗೆ ಹೋಗಬೇಕು. ಪ್ರಶ್ನೆಗಳು ಬರುತ್ತವೆ, ಉತ್ತರ ಹೋಗುತ್ತದೆ. ಕೊನೆಗೆ ಒಪ್ಪಿಗೆ, ಆಮೇಲೆ ಟೆಂಡರ್, ಆಮೇಲೆ ಕೆಲಸ. ರಾಜ್ಯವೂ ತನ್ನ ಪಾಲು ಹಾಕಬೇಕು. ಇದರಲ್ಲಿ ಯಾವ ಹೆಜ್ಜೆಯೂ ಸುಮ್ನೆ ಇಟ್ಟದ್ದಲ್ಲ. ಸಾರ್ವಜನಿಕರ ಹಣ, ಪರಿಶೀಲನೆ ಬೇಕೇ ಬೇಕು. ಆದರೆ ಮಳೆ ಕಡತಕ್ಕಾಗಿ ಕಾಯುವುದಿಲ್ಲ.

ಈಗ 250 ಕೋಟಿ ಅಂದರೆ ಎಷ್ಟು ಅಂತ ನೋಡಿ. ಬೆಂಗಳೂರಿನ ರಾಜಕಾಲುವೆಗಳು, ದೊಡ್ಡವು ಮತ್ತು ಅದಕ್ಕೆ ಸೇರುವ ಎರಡನೇ ಹಂತದವು ಸೇರಿ, ಸುಮಾರು 860 ಕಿ.ಮೀ. ಹಣವನ್ನು ಎಲ್ಲಕ್ಕೂ ಸಮನಾಗಿ ಹಂಚಿದರೆ ಒಂದು ಕಿಲೋಮೀಟರಿಗೆ 29 ಲಕ್ಷ. ಇನ್ನೊಂದು ಪಕ್ಕದಲ್ಲಿ ಕೆ-100 ಯೋಜನೆ ಇಟ್ಟುಕೊಳ್ಳಿ. ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿನ ಕಡೆಗೆ ಹರಿಯುವ ಸುಮಾರು 12 ಕಿ.ಮೀ. ಕಾಲುವೆಯನ್ನು ಸರಿಪಡಿಸುವ ಈ ಕೆಲಸಕ್ಕೆ ಹಾಕಿಕೊಂಡ ವೆಚ್ಚ 175 ಕೋಟಿ. ಅಂದರೆ ಕಿಲೋಮೀಟರಿಗೆ ಹದಿನಾಲ್ಕೂವರೆ ಕೋಟಿ. ಅದರಲ್ಲಿ ಕೊಳಚೆ ನೀರನ್ನು ಬೇರೆ ಮಾಡುವುದು, ದಡದಲ್ಲಿ ನಡೆಯುವ ದಾರಿ ಮಾಡುವುದು ಎಲ್ಲ ಸೇರಿದೆ, ನಿಜ. ಆದರೂ ಆ ಮಟ್ಟದ ಕೆಲಸ ಬೇಕು ಅಂದರೆ 250 ಕೋಟಿಯಲ್ಲಿ ಆಗುವುದು 17 ಕಿಲೋಮೀಟರ್. ಉಳಿದ 840ಕ್ಕೂ ಜಾಸ್ತಿ ಕಿಲೋಮೀಟರಿಗೆ ಇನ್ನೊಬ್ಬರ ಮುಂದೆ ಕೈ ಚಾಚಬೇಕು.

ಅದಕ್ಕೇ ವಿಶ್ವಬ್ಯಾಂಕಿನ ಹಣದ ಮಾತು ಬರುವುದು. ಅದು ಸಾಲ, ಅನುದಾನ ಅಲ್ಲ. ಸುದ್ದಿಯಲ್ಲಿ ಎರಡನ್ನೂ ‘ಹಣ ಬಂತು’ ಅನ್ನುವ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಅನುದಾನ ವಾಪಸ್ ಕೊಡಬೇಕಿಲ್ಲ. ಸಾಲವನ್ನು ನಮ್ಮ ಮಕ್ಕಳು ಬಡ್ಡಿ ಸಮೇತ ತೀರಿಸಬೇಕು.

ಮೇಲಿನಿಂದ ಯಾರೂ ನೀರು ಬಿಡಲ್ಲ

ಬೆಂಗಳೂರಿನ ಪ್ರವಾಹ ಬೇರೆ ಊರಿನ ಹಾಗಲ್ಲ. ಚೆನ್ನೈಗೆ ಸಮುದ್ರ ಪಕ್ಕದಲ್ಲೇ ಇದೆ. ನದಿ ದಡದ ಊರುಗಳಿಗೆ ಮೇಲಿನ ಅಣೆಕಟ್ಟೆಯ ಗೇಟು ತೆರೆದರೆ ಕಷ್ಟ. ನಮ್ಮೂರು ಕೂತಿರುವುದು ದಿಣ್ಣೆಯ ಮೇಲೆ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ. ಇಲ್ಲಿ ಬಿದ್ದ ಮಳೆ ಇಲ್ಲಿಂದಲೇ ಹೊರಟು ಮೂರು ಕಡೆ ಇಳಿಯುತ್ತದೆ. ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು ದಕ್ಷಿಣ ಪಿನಾಕಿನಿಗೆ. ವೃಷಭಾವತಿ ಕಣಿವೆಯದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ನಮ್ಮ ಬೀದಿಯಲ್ಲಿ ನಿಂತ ನೀರು ನಮ್ಮದೇ ತಾರಸಿ, ನಮ್ಮದೇ ರಸ್ತೆ, ನಮ್ಮದೇ ಪಾರ್ಕಿಂಗ್ ಜಾಗದಿಂದ ಬಂದದ್ದು.

ಇದರ ಪ್ರಮಾಣ ತಿಳಿಯಲು ಒಂದು ಸುಲಭದ ಲೆಕ್ಕ ಇದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 30x40 ಸೈಟ್ ಅಂದರೆ ಸುಮಾರು 111 ಚದರ ಮೀಟರ್. ಒಂದು ಸಂಜೆ 60 ಮಿ.ಮೀ. ಮಳೆ ಸುರಿದರೆ ಆ ಒಂದು ಸೈಟಿನ ಮೇಲೆ ಬೀಳುವ ನೀರು 6,600 ಲೀಟರಿಗಿಂತ ಜಾಸ್ತಿ. ಬೇಸಿಗೆಯಲ್ಲಿ ನಾವು ದುಡ್ಡು ಕೊಟ್ಟು ತರಿಸುವ 6,000 ಲೀಟರಿನ ಟ್ಯಾಂಕರ್ ಇದೆಯಲ್ಲ, ಒಂದು ಟ್ಯಾಂಕರ್ ತುಂಬಿ ಮಿಗುವಷ್ಟು. ಒಂದು ಬೀದಿಯಲ್ಲಿ ನಲವತ್ತು ಮನೆ ಇದ್ದರೆ ನಲವತ್ತು ಟ್ಯಾಂಕರ್ ಒಂದೇ ಸಲ ಬೀದಿಗೆ ವಾಲ್ವ್ ಬಿಟ್ಟ ಹಾಗೆ. 2022ರ ಆ ರಾತ್ರಿ ಒಂದೊಂದು ಸೈಟಿಗೆ ಎರಡು ಟ್ಯಾಂಕರಿಗಿಂತ ಜಾಸ್ತಿ ಬಿತ್ತು.

ಹೊಲ, ತೋಪು, ಗೋಮಾಳ ಇದ್ದಾಗ ಈ ನೀರಲ್ಲಿ ದೊಡ್ಡ ಪಾಲು ಮಣ್ಣು ಕುಡಿಯುತ್ತಿತ್ತು. ಉಳಿದದ್ದು ನಿಧಾನಕ್ಕೆ ಕೆರೆಗೆ ಹೋಗುತ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನದ ಪ್ರಕಾರ 1800ರ ಸುಮಾರಿಗೆ ಈಗಿನ ನಗರದ ವ್ಯಾಪ್ತಿಯಲ್ಲಿ 1,452 ಜಲಮೂಲಗಳಿದ್ದವು. ಅವು 35 ಟಿಎಂಸಿ ನೀರು ಹಿಡಿಯುತ್ತಿದ್ದವು. 2016ಕ್ಕೆ ಉಳಿದದ್ದು 194, ಹಿಡಿಯುವ ನೀರು 5 ಟಿಎಂಸಿ. 1973ರಲ್ಲಿ ಕಟ್ಟಡ, ರಸ್ತೆ ಆವರಿಸಿದ್ದ ಜಾಗ ಶೇ 8. ಈಗ ಮುಕ್ಕಾಲು ಪಾಲಿಗಿಂತ ಜಾಸ್ತಿ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯಿತು. ಇದೆಲ್ಲ ನಮಗೆ ಬಾಯಿಪಾಠ ಆಗಿರುವ ಕಥೆ.

ಅಷ್ಟು ಬಾಯಿಪಾಠ ಆಗದ ಅಂಕಿ ಇನ್ನೊಂದಿದೆ. ಬೆಂಗಳೂರಿನ ಮಳೆನೀರಿನ ನಿರ್ವಹಣೆಯ ಬಗ್ಗೆ ಸಿಎಜಿ, ಅಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಂಸ್ಥೆಯ, ವರದಿ 2021ರಲ್ಲಿ ವಿಧಾನಮಂಡಲಕ್ಕೆ ಬಂತು. ಅದರ ಪ್ರಕಾರ 1900ರ ದಶಕದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ 113.24 ಕಿ.ಮೀ. ಕಾಲುವೆ ಇತ್ತು. 2016-17ಕ್ಕೆ ಉಳಿದದ್ದು 62.84 ಕಿ.ಮೀ. ವೃಷಭಾವತಿ ಕಣಿವೆಯಲ್ಲಿ 226.29 ಇದ್ದದ್ದು 110.94 ಆಯಿತು. ಅಂದರೆ ಹರಿಯುವ ನೀರು ಎಷ್ಟೋ ಪಟ್ಟು ಹೆಚ್ಚಾಯಿತು, ಹರಿಯುವ ದಾರಿ ಅರ್ಧ ಆಯಿತು. ಕಾಣೆಯಾದ ಅರ್ಧದ ಮೇಲೆ ಈಗ ಮನೆ, ರಸ್ತೆ, ಅಂಗಡಿ, ಲೇಔಟ್ ಇವೆ.

ರಾಜಕಾಲುವೆ ಅಂದರೆ ಮೋರಿ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಮೊದಲು ಅದು ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಗೆ ನೀರು ಒಯ್ಯುವ ದಾರಿ ಆಗಿತ್ತು. ಕೆರೆ ತುಂಬಿದರೆ ಕೋಡಿ ಬೀಳುತ್ತದೆ, ಕೋಡಿ ನೀರು ಕಾಲುವೆಗೆ, ಕಾಲುವೆ ಮುಂದಿನ ಕೆರೆಗೆ. ಮಧ್ಯದಲ್ಲಿ ಒಂದು ಕೆರೆ ಮಾಯವಾದರೂ ಸಾಕು, ಅಲ್ಲಿ ತಂಗಬೇಕಿದ್ದ ನೀರು ನೇರವಾಗಿ ಕೆಳಗಿನವರ ಮೇಲೆ ಬೀಳುತ್ತದೆ.

ದುಡ್ಡಿನ ಹೆಸರು ಕೆಲಸದ ಆಕಾರ ತೀರ್ಮಾನಿಸುತ್ತದೆ

ಅನುದಾನ ಕೇಳುವ ಕಡತಗಳಲ್ಲಿ ಸಾಮಾನ್ಯವಾಗಿ ಏನಿರುತ್ತದೆ? ತಡೆಗೋಡೆ. ಆರ್‌ಸಿಸಿ ತಳ. ಅಗಲ ಮಾಡುವುದು, ಆಳ ಮಾಡುವುದು. ಸೇತುವೆ. ಇಂಥ ಕೆಲಸಕ್ಕೆ ಅಳತೆ ಇದೆ, ದರಪಟ್ಟಿ ಇದೆ, ಶುರುವಾದ ದಿನ ಮುಗಿದ ದಿನ ಇದೆ. ಫೋಟೋ ತೆಗೆದು ಬಳಕೆ ಪ್ರಮಾಣಪತ್ರದ ಜೊತೆ ಕಳಿಸಬಹುದು. ಕೊಡುವವರಿಗೂ ಸಲೀಸು, ತೆಗೆದುಕೊಳ್ಳುವವರಿಗೂ ಸಲೀಸು.

ತಡೆಗೋಡೆ ಬೇಡ ಅಂತ ನಾನು ಹೇಳುತ್ತಿಲ್ಲ. ದಡ ಕುಸಿದು ಮನೆ ಜಾರುವ ಕಡೆ ಗೋಡೆ ಕಟ್ಟಲೇಬೇಕು. ಆದರೆ ಕಾಲುವೆಯ ಮೂರೂ ಮಗ್ಗುಲು ಸಿಮೆಂಟ್ ಹಾಕಿದರೆ ನೀರು ಜಾಸ್ತಿ ವೇಗ ಹಿಡಿಯುತ್ತದೆ. ಮೇಲಿನ ವಾರ್ಡಿನ ಕಷ್ಟ ಬೇಗ ಇಳಿಯುತ್ತದೆ, ಕೆಳಗಿನ ವಾರ್ಡಿಗೆ ಅದೇ ನೀರು ಬೇಗ ಬಂದು ಬಡಿಯುತ್ತದೆ. ತುಂಡು ತುಂಡಾಗಿ ಹಣ ಬಂದಾಗ ಕೆಲಸವೂ ತುಂಡು ತುಂಡಾಗಿ ಆಗುತ್ತದೆ. ಇಲ್ಲಿ ಅಗಲ, ಮುಂದೆ ಹೋದರೆ ಕಿರಿದು. ಆ ಕಿರಿದಾದ ಕಡೆ ಯಾರ ಮನೆ ಇರುತ್ತದೋ ಅವರ ಗತಿ ಕಷ್ಟ.

ಹೊರಮಾವಿನ ಸಾಯಿ ಲೇಔಟ್ ಇದಕ್ಕೆ ಕಣ್ಣ ಮುಂದಿನ ಉದಾಹರಣೆ. 2025ರ ಮೇ 18ರ ರಾತ್ರಿಯ ಮಳೆಗೆ ಅಲ್ಲಿನ ಮನೆಗಳ ನೆಲಮಹಡಿ ಮುಳುಗಿತು. ಅಲ್ಲಿ ಕಾಲುವೆ ನೀರು ರೈಲ್ವೆ ಹಳಿಯ ಕೆಳಗಿನ ಕಂಡಿಯಲ್ಲಿ ನುಸುಳಿ ಮುಂದೆ ಹೋಗಬೇಕು. ಕಂಡಿ ಚಿಕ್ಕದು. ಕಾಲುವೆ ನಗರದ್ದು, ಕಂಡಿ ರೈಲ್ವೆಯದು. ನಗರ ತನ್ನ ಅನುದಾನದಲ್ಲಿ ಕಂಡಿಯ ಎರಡೂ ಕಡೆ ಎಷ್ಟೇ ಚೆಂದ ಗೋಡೆ ಕಟ್ಟಿದರೂ ನಡುವಿನ ಗಂಟಲು ಬಿಗಿಯಾಗಿದ್ದರೆ ನೀರು ಲೇಔಟಿಗೇ ನುಗ್ಗಬೇಕು. ಇಂಥ ಕಡೆ ಇಬ್ಬರೂ ಕೂತು ಒಂದೇ ಅರ್ಜಿ ಬರೆಯಬೇಕು.

ಈಗ ಇನ್ನೊಂದು ತೊಡಕು ಸೇರಿಕೊಂಡಿದೆ. 2025ರ ಸೆಪ್ಟೆಂಬರಿನಿಂದ ಒಂದು ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು. ಆಡಳಿತಕ್ಕೆ ಅದು ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಬೇರೆ ಚರ್ಚೆ. ಕಣಿವೆಗೆ ಮಾತ್ರ ಪಾಲಿಕೆಯ ಗಡಿ ಗೊತ್ತಿಲ್ಲ. ಕೇಂದ್ರ ಪಾಲಿಕೆಯಲ್ಲಿ ಬಿದ್ದ ಮಳೆ ಪೂರ್ವ ಪಾಲಿಕೆಯ ಕೆರೆಗೆ ಇಳಿಯುತ್ತದೆ. ಮೇಲಿನವರು ನೀರು ತಡೆದು ನಿಲ್ಲಿಸಿದರೆ ಲಾಭ ಕೆಳಗಿನವರಿಗೆ, ಖರ್ಚು ಮೇಲಿನವರಿಗೆ. ಅದಕ್ಕೆ ನನ್ನ ಪ್ರಕಾರ ಮುಂದಿನ ಅರ್ಜಿಗಳು ಪಾಲಿಕೆಗೆ ಒಂದು, ವಾರ್ಡಿಗೆ ಒಂದು ಅಂತ ಹೋಗಬಾರದು. ಕಣಿವೆಗೆ ಒಂದು ಅಂತ ಹೋಗಬೇಕು.

ಹುಬ್ಬಳ್ಳಿಯ ಅನುಭವ ಇಲ್ಲಿ ಹೇಳಲೇಬೇಕು. ಉಣಕಲ್ ಕೆರೆಯಿಂದ ಹೊರಟು ಊರ ನಡುವೆ ಹಾಯುವ ನಾಲಾ ಆ ಊರಿನ ಹಳೇ ತಲೆನೋವು. 2019ರ ಆಗಸ್ಟ್ ಮಳೆಗೆ ಕೆರೆ ಉಕ್ಕಿ ನಾಲಾ ದಡದ ಮನೆಗಳಿಗೆ ನೀರು ಹೊಕ್ಕಿತ್ತು. ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆ ಮತ್ತು ಐರೋಪ್ಯ ಒಕ್ಕೂಟದ ನೆರವಿನಲ್ಲಿ ಕೇಂದ್ರ ಸರ್ಕಾರ ‘ಸಿಟೀಸ್’ ಅನ್ನುವ ಸ್ಪರ್ಧೆ ನಡೆಸಿದಾಗ ದೇಶದಲ್ಲಿ ಗೆದ್ದ 12 ನಗರಗಳಲ್ಲಿ ಹುಬ್ಬಳ್ಳಿ-ಧಾರವಾಡವೂ ಒಂದು. ಗೆದ್ದಿದ್ದು ನಾಲಾ ಪಕ್ಕದ ಹಸಿರು ಸಂಚಾರ ಮಾರ್ಗದ ಯೋಜನೆಗೆ, ಅಂದರೆ ನಡಿಗೆ ಮತ್ತು ಸೈಕಲ್ ದಾರಿಗೆ. ಊರಿಗೆ ಅದು ಹೆಮ್ಮೆಯ ವಿಷಯ. ಆದರೆ ಗಮನಿಸಿ, ಹಣದ ಹೆಸರು ಸಂಚಾರ. ಹಾಗಾಗಿ ಯೋಜನೆಯ ಮುಖವೂ ಸಂಚಾರ. ದಡಕ್ಕೆ ಸೈಕಲ್ ದಾರಿ ಬಂದರೂ ನಾಲಾದ ಹೊಟ್ಟೆಯೊಳಗಿನ ಹೂಳು ಮತ್ತು ಕೊಳಚೆಯ ಲೆಕ್ಕವನ್ನು ಊರು ಬೇರೆ ಕಡೆ ಕೂಡಿಸಬೇಕಾಗುತ್ತದೆ.

ಬಿತ್ತುವಟ್ಟ

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ.

ನಮ್ಮ ಹಳೇ ಶಾಸನಗಳಲ್ಲಿ ಬಿತ್ತುವಟ್ಟ, ಕೆರೆಗೊಡಗೆ, ಕಟ್ಟುಗೊಡಗೆ ಅನ್ನುವ ಪದಗಳು ಬರುತ್ತವೆ. ಕೆರೆಯ ಸಲುವಾಗಿ ಬಿಟ್ಟುಕೊಟ್ಟ ಭೂಮಿ, ಕೆರೆಯ ಸಲುವಾಗಿ ಎತ್ತಿಟ್ಟ ಬೆಳೆಯ ಪಾಲು. ಕೆರೆ ಕಟ್ಟಿಸಿದವನಿಗೆ ಗೌರವದ ಗದ್ದೆ ಸಿಗುತ್ತಿತ್ತು. ಏರಿ ದುರಸ್ತಿಗೆ, ಹೂಳು ಎತ್ತುವುದಕ್ಕೆ ಬೇರೆ ಗದ್ದೆ. ಆ ಗದ್ದೆ ಪ್ರತಿ ವರ್ಷ ಬೆಳೆಯುತ್ತಿತ್ತು, ಹಾಗಾಗಿ ದುರಸ್ತಿಯ ದುಡ್ಡೂ ಪ್ರತಿ ವರ್ಷ ಬರುತ್ತಿತ್ತು. ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ಯಾವಾಗ ಎತ್ತಬೇಕು, ಯಾವಾಗ ಮುಚ್ಚಬೇಕು, ಕಾಲುವೆ ಎಲ್ಲಿ ಕಟ್ಟಿಕೊಂಡಿದೆ ಎಲ್ಲ ಅವನ ಕಣ್ಣಲ್ಲಿ ಇರುತ್ತಿತ್ತು. ಅವನ ಕೂಲಿ ಇನಾಮು ಜಮೀನು ಮತ್ತು ಕಣದಲ್ಲಿ ಅಳೆದುಕೊಡುವ ಧಾನ್ಯ. ಆ ಕಾಲ ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು ಅಂತಲ್ಲ. ನೀರುಗಂಟಿಯ ಕೆಲಸ ಜಾತಿಗೆ ಕಟ್ಟಿಹಾಕಿದ ಕೆಲಸ, ಆ ಮನೆಗಳು ಬಡವಾಗಿಯೇ ಉಳಿದವು. ಆದರೆ ಕಟ್ಟುವುದಕ್ಕೆ ಒಂದು ದುಡ್ಡು, ಕಾಯುವುದಕ್ಕೆ ಇನ್ನೊಂದು ದುಡ್ಡು ಅನ್ನುವ ತಿಳಿವಳಿಕೆ ಅವರಿಗಿತ್ತು.

ಇವತ್ತಿನ ಅನುದಾನಗಳಲ್ಲಿ ಬಹುತೇಕ ಎಲ್ಲವೂ ಕಟ್ಟುವುದಕ್ಕೆ. ವರ್ಷ ವರ್ಷದ ಸಂಬಳ, ಹೂಳು, ದುರಸ್ತಿಗೆ ಅಲ್ಲಿ ಸಾಮಾನ್ಯವಾಗಿ ಜಾಗ ಇರುವುದಿಲ್ಲ. ಅದು ನಗರ ತನ್ನ ಜೇಬಿನಿಂದ ಮಾಡಬೇಕಾದ ಕೆಲಸ. ನಗರದ ಜೇಬಿನಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಮಳೆಗಾಲಕ್ಕೆ ಮುಂಚೆ ಒಂದು ಕಾಲುವೆಯ ಮೇಲೆ ನಿಂತು ನೋಡಿದ್ದನ್ನು ಹೇಳುತ್ತೇನೆ. ಜೆಸಿಬಿ ಒಳಗಿಳಿದು ಹೂಳು ಎತ್ತುತ್ತಿತ್ತು. ಕರೀ ಮಣ್ಣು, ಹಾಲಿನ ಪ್ಯಾಕೆಟ್ ಕವರುಗಳು, ಒಂದು ಹಾಸಿಗೆ, ಹರಿದ ಫ್ಲೆಕ್ಸು, ತೆಂಗಿನ ಚಿಪ್ಪು, ಕಟ್ಟಡ ಒಡೆದ ಇಟ್ಟಿಗೆ ಚೂರು. ಇಟ್ಟಿಗೆ ಚೂರೇ ಜಾಸ್ತಿ. ಎತ್ತಿದ್ದನ್ನೆಲ್ಲ ದಡದ ಮೇಲೇ ಗುಡ್ಡೆ ಹಾಕುತ್ತಿದ್ದರು. ಕೇಳಿದೆ. ‘ಹಸಿ ಹೂಳು ಲಾರಿಗೆ ತುಂಬಿದ್ರೆ ದಾರಿಯುದ್ದಕ್ಕೂ ಸೋರುತ್ತೆ ಸಾರ್, ಒಣಗಲಿ ಅಂತ ಬಿಟ್ಟಿದೀವಿ’ ಅಂದರು. ಸರಿಯಾದ ಕಾರಣವೇ. ಎರಡು ದಿನ ಬಿಟ್ಟು ಜೋರು ಮಳೆ ಬಂತು. ಮಾರನೇ ದಿನ ಹೋಗಿ ನೋಡಿದರೆ ಗುಡ್ಡೆ ಅರ್ಧ ಆಗಿತ್ತು. ಉಳಿದರ್ಧ ಎಲ್ಲಿಂದ ಬಂದಿತ್ತೋ ಅಲ್ಲಿಗೇ ವಾಪಸ್ ಹೋಗಿತ್ತು. ಕೆಲಸ ಆಗಿತ್ತು, ಹೂಳೂ ಇತ್ತು. ಹೂಳು ಒಣಗಿಸಲು ಕಾಲುವೆಯಿಂದ ದೂರ ಒಂದು ಜಾಗ, ಲಾರಿ ಬರುವ ದಿನದ ಲೆಕ್ಕ, ಮಾರ್ಚಿನಲ್ಲೇ ಕೆಲಸ ಶುರು ಮಾಡುವ ಟೆಂಡರ್. ಇಷ್ಟಿದ್ದರೆ ಸಾಕಿತ್ತು.

ಕಾಯುವುದಕ್ಕೆ ಎಷ್ಟು ಬೇಕು? ನನ್ನದೇ ಒಂದು ಅಂದಾಜು ಹಾಕುತ್ತೇನೆ. ಕಿಲೋಮೀಟರಿಗೆ ಇಬ್ಬರು ಕಾವಲುಗಾರರು ಅಂತ ಇಟ್ಟುಕೊಳ್ಳಿ. ಯಾರನ್ನೂ ಕೊಳಚೆಗೆ ಇಳಿಸುವ ಮಾತಲ್ಲ, ಆ ಅನ್ಯಾಯ ಸಾಕು. ದಿನಾ ದಡದಲ್ಲಿ ನಡೆದು ನೋಡುವವರು. ಕಸ ತಡೆಯುವ ಜಾಲರಿಯನ್ನು ಉದ್ದ ಕೊಕ್ಕೆಯಿಂದ ಬಿಡಿಸುವವರು. ರಾತ್ರೋರಾತ್ರಿ ಟ್ರ್ಯಾಕ್ಟರಿನಲ್ಲಿ ಕಟ್ಟಡದ ಕಸ ತಂದು ಸುರಿಯುವವರನ್ನು ಹಿಡಿದುಕೊಡುವವರು. ಯಾವ ಪೈಪಿನಿಂದ ಹೊಸದಾಗಿ ಕೊಳಚೆ ಬಿಟ್ಟಿದ್ದಾರೆ ಅಂತ ಬರೆದುಕೊಳ್ಳುವವರು. 860 ಕಿ.ಮೀ.ಗೆ 1,720 ಜನ. ತಿಂಗಳಿಗೆ 20,000 ರೂಪಾಯಿ ಸಂಬಳ ಅಂದರೆ ವರ್ಷಕ್ಕೆ 41 ಕೋಟಿ. ಕೇಂದ್ರದಿಂದ ಒಂದು ಸಲ ಬರುವ 250 ಕೋಟಿಯಲ್ಲಿ ಇವರಿಗೆ ಆರು ವರ್ಷ ಸಂಬಳ ಕೊಡಬಹುದಿತ್ತು. ಆದರೆ ಆ ದುಡ್ಡನ್ನು ಇದಕ್ಕೆ ಕೇಳುವ ಹಾಗಿಲ್ಲ.

ಕಾಲುವೆಗಳ ಮೇಲೆ ನೀರಿನ ಮಟ್ಟ ಅಳೆಯುವ ಸೆನ್ಸರುಗಳನ್ನು ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಕೂರಿಸಿದೆ. ಬಹಳ ಒಳ್ಳೆಯ ಕೆಲಸ. ಸೆನ್ಸರ್ ‘ನೀರು ಏರುತ್ತಿದೆ’ ಅಂತ ಹೇಳುತ್ತದೆ. ಜಾಲರಿಗೆ ಸಿಕ್ಕಿಕೊಂಡ ಹಾಸಿಗೆಯನ್ನು ಎಳೆದುಹಾಕಲು ಮಾತ್ರ ಮನುಷ್ಯನೇ ಬೇಕು.

ತುಂಬಿದ ಕೆರೆ

ಕಾಯುವ ಕೆಲಸದಲ್ಲಿ ಇನ್ನೊಂದಿದೆ, ಕೆರೆ ಖಾಲಿ ಮಾಡುವುದು. ಕೇಳಲು ವಿಚಿತ್ರ ಅನ್ನಿಸಬಹುದು. ಬೆಂಗಳೂರಿನ ಎಷ್ಟೋ ಕೆರೆಗಳು ಈಗ ವರ್ಷಪೂರ್ತಿ ತುಂಬಿಯೇ ಇರುತ್ತವೆ. ಕೊಳಚೆ ನೀರೋ, ಸಂಸ್ಕರಿಸಿದ ನೀರೋ ಬರುತ್ತಲೇ ಇರುತ್ತದೆ. ಸುತ್ತ ನಡಿಗೆ ದಾರಿ ಇದೆ, ತುಂಬಿದ ಕೆರೆ ನೋಡಲು ಚೆಂದ. ಆದರೆ ತುಂಬಿದ ಕೊಡಕ್ಕೆ ಇನ್ನೊಂದು ಚೊಂಬು ನೀರು ಹಾಕಿದರೆ ಏನಾಗುತ್ತದೆ? 2022ರಲ್ಲಿ ಮಹದೇವಪುರದ ಕಡೆ ಆಗಿದ್ದು ಅದೇ. ಒಂದರ ಮೇಲೊಂದು ಕೆರೆ ಕೋಡಿ ಬಿದ್ದು ಎಲ್ಲ ನೀರೂ ಬೆಳ್ಳಂದೂರಿನ ಕಡೆ ಒಟ್ಟಿಗೇ ಇಳಿಯಿತು.

ಮೇ ತಿಂಗಳಲ್ಲಿ ತೂಬು ಎತ್ತಿ ಕೆರೆಯ ನೀರನ್ನು ಎರಡಡಿ ಇಳಿಸಿಟ್ಟುಕೊಂಡರೆ, ದೊಡ್ಡ ಮಳೆಗೆ ಅಷ್ಟು ಜಾಗ ಸಿಗುತ್ತದೆ. 50 ಎಕರೆ ಕೆರೆಯಲ್ಲಿ ಎರಡಡಿ ಅಂದರೆ ಸುಮಾರು 12 ಕೋಟಿ ಲೀಟರ್, 20,000 ಟ್ಯಾಂಕರ್ ನೀರು. ಅಷ್ಟು ಹೊತ್ತು ಅದು ಯಾರ ಬಚ್ಚಲಿನಿಂದಲೂ ಮೇಲೇಳುವುದಿಲ್ಲ. ಬೇಕಾಗಿರುವುದು ತಿರುಗಿಸಿದರೆ ತಿರುಗುವ ಒಂದು ಗೇಟು, ಅದನ್ನು ತಿರುಗಿಸುವ ಅಧಿಕಾರ ಇರುವ ಒಬ್ಬ ಮನುಷ್ಯ. ಎಷ್ಟೋ ಕೆರೆಗಳ ಹಳೇ ತೂಬು ಮಣ್ಣಲ್ಲಿ ಹೂತುಹೋಗಿದೆ. ಗದ್ದೆ ಇಲ್ಲ, ನೀರು ಬಿಡುವುದು ಯಾರಿಗೆ ಅಂತ ಕೈಬಿಟ್ಟರು. ಅನುದಾನದಲ್ಲಿ ಮೊದಲು ಕೇಳಬೇಕಾದದ್ದು ಇದನ್ನೇ ಅಂತ ನನಗನ್ನಿಸುತ್ತದೆ. ತಡೆಗೋಡೆಗಿಂತ ಅಗ್ಗ, ಬೇಗ ಆಗುವ ಕೆಲಸ.

ಜಾಗದ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ನಗರ ಹೇಗೆ ಬೆಳೆಯಬೇಕು ಅಂತ ಹೇಳುವ ‘ಮಹಾಯೋಜನೆ 2015’ ದೊಡ್ಡ ಕಾಲುವೆಯ ನಡುವಿನಿಂದ 50 ಮೀಟರ್, ಎರಡನೆಯದಕ್ಕೆ 25, ಮೂರನೆಯದಕ್ಕೆ 15 ಮೀಟರ್ ಖಾಲಿ ಬಿಡಬೇಕು ಅಂದಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು ದಡದ ಅಂಚಿನಿಂದ 50, 35, 25 ಮಾಡಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದುಮಾಡಿತು. ಅಳತೆ ಯಾವುದೇ ಇರಲಿ, ಸ್ಥಳಕ್ಕೆ ಹೋದರೆ ಎಷ್ಟೋ ಕಡೆ ಒಂದು ಮೀಟರೂ ಇಲ್ಲ. ಒತ್ತುವರಿ ತೆರವು ಅಂದಾಗ ಜೆಸಿಬಿ ಮೊದಲು ಹೋಗುವುದು ಶೀಟಿನ ಮನೆಗೆ. ನೋಂದಣಿ ಆಗಿ, ಖಾತೆ ಆಗಿ, ಕಂದಾಯ ಕಟ್ಟುತ್ತಾ ಬಂದ ಮಧ್ಯಮ ವರ್ಗದವರ ಮನೆಯೂ ಕಾಲುವೆ ಮೇಲೆ ಇರಬಹುದು. ಅವರಿಗೆ ಅದು ಗೊತ್ತೇ ಇರುವುದಿಲ್ಲ. ಹೊರಗೆ ಹಾಕುವುದಕ್ಕಿಂತ, ಬೆಲೆ ಕೊಟ್ಟು ಕೊಂಡುಕೊಂಡು ಜಾಗ ಖಾಲಿ ಮಾಡುವುದು ಒಂದು ದಾರಿ.

ಅಮೆರಿಕದ ನಾರ್ತ್ ಕೆರೊಲಿನಾದ ಶಾರ್ಲೆಟ್ ನಗರ ಅದನ್ನು ಮಾಡಿ ತೋರಿಸಿದೆ. ಅಲ್ಲಿಯೂ ಊರ ತುಂಬ ಹಳ್ಳಗಳು. 1999ರಿಂದ ಪದೇ ಪದೇ ಮುಳುಗುವ 400ಕ್ಕೂ ಹೆಚ್ಚು ಕಟ್ಟಡಗಳನ್ನು ಕೊಂಡು, ಕೆಡವಿ, ಹಳ್ಳಕ್ಕೆ ಅದರ ಜಾಗ ವಾಪಸ್ ಕೊಟ್ಟರು. ಇದು ಸಾಧ್ಯವಾದದ್ದು ಬರೀ ಅನುದಾನದಿಂದ ಅಲ್ಲ. 1993ರಿಂದ ಆ ಊರು ಮಳೆನೀರಿಗೆ ಅಂತಲೇ ಒಂದು ಶುಲ್ಕ ತೆಗೆದುಕೊಳ್ಳುತ್ತದೆ. ನಿಮ್ಮ ನಿವೇಶನದಲ್ಲಿ ಸಿಮೆಂಟ್, ಡಾಂಬರು, ಛಾವಣಿ ಎಷ್ಟು ಆವರಿಸಿದೆಯೋ ಅಷ್ಟು ಶುಲ್ಕ. ಪ್ರತಿ ತಿಂಗಳು ಬರುವ ದುಡ್ಡು. ನಮ್ಮ ಹಳಬರ ಬಿತ್ತುವಟ್ಟದ ಗದ್ದೆ ಇದ್ದ ಹಾಗೆ.

ಅನುದಾನವನ್ನೇ ನಂಬಿ ಕೂತರೆ ಏನಾಗಬಹುದು ಅನ್ನುವುದೂ ಅದೇ ದೇಶದಲ್ಲಿ ಕಾಣಿಸಿತು. ಪ್ರವಾಹ ಬರುವ ಮೊದಲೇ ಊರುಗಳನ್ನು ಗಟ್ಟಿ ಮಾಡಲು ಅಲ್ಲಿನ ಕೇಂದ್ರ ಸರ್ಕಾರ 2020ರಲ್ಲಿ ‘ಬ್ರಿಕ್’ ಅನ್ನುವ ಅನುದಾನ ಶುರು ಮಾಡಿತ್ತು. 2025ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ವರ್ಷಗಟ್ಟಲೆ ಅರ್ಜಿ ಬರೆದು, ನಕ್ಷೆ ಮಾಡಿಸಿ ಕಾಯುತ್ತಿದ್ದ ಊರುಗಳು ಅರ್ಧ ದಾರಿಯಲ್ಲಿ ನಿಂತವು. ರಾಜ್ಯಗಳು ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು.

ನಮ್ಮಲ್ಲಿ ಶುಲ್ಕ ಅಂದರೆ ಜನ ಸಿಟ್ಟಾಗುತ್ತಾರೆ. ನ್ಯಾಯವೇ. ಕಟ್ಟಿದ ತೆರಿಗೆ ಎಲ್ಲಿ ಹೋಯಿತು ಅಂತ ಗೊತ್ತಾಗದೆ ಇನ್ನೊಂದು ತೆರಿಗೆ ಯಾಕೆ ಕೊಡಬೇಕು? ಅದಕ್ಕೆ ಮೊದಲ ಹೆಜ್ಜೆಯಾಗಿ ಹೊಸ ಶುಲ್ಕ ಬೇಡ. ಈಗ ಬರುತ್ತಿರುವ ಆಸ್ತಿ ತೆರಿಗೆಯಲ್ಲೇ ಒಂದು ಪಾಲನ್ನು ಕಣಿವೆಯ ಖಾತೆ ಅಂತ ಬೇರೆ ಇಡಲಿ. ಕೋರಮಂಗಲ ಕಣಿವೆಗೆ ಒಂದು, ವೃಷಭಾವತಿಗೆ ಒಂದು, ಹೆಬ್ಬಾಳಕ್ಕೆ ಒಂದು. ಯಾವ ತಿಂಗಳು ಎಷ್ಟು ಕಿಲೋಮೀಟರ್ ಹೂಳು ತೆಗೆದರು, ಎಷ್ಟು ಲಾರಿ ಹೋಯಿತು, ಎಲ್ಲಿ ಸುರಿದರು ಅಂತ ವಾರ್ಡ್ ಕಚೇರಿಯ ಗೋಡೆಗೆ ಬರೆದು ಹಾಕಲಿ. ಮಳೆನೀರು ಸಂಗ್ರಹ 2009ರಿಂದ ಕಡ್ಡಾಯ ಇದೆ. ಅದನ್ನು ಹೆಸರಿಗೆ ಮಾತ್ರ ಮಾಡದೆ ನಿಜವಾಗಿ ಮಾಡಿದ ಮನೆಗೆ ತೆರಿಗೆಯಲ್ಲಿ ಸ್ವಲ್ಪ ರಿಯಾಯಿತಿ ಕೊಡಲಿ. ಆ ಮನೆ ಒಂದು ಟ್ಯಾಂಕರ್ ನೀರನ್ನು ಬೀದಿಗೆ ಬಿಡದೆ ಹಿಡಿದಿಟ್ಟಿದೆ ಅಲ್ವಾ?

ದೆಹಲಿಯ ಮುಂದೆ ಅರ್ಜಿ ಇಡುವಾಗಲೂ ಇದು ನಗರಕ್ಕೆ ಬಲ. ಈ ಗೋಡೆ, ಈ ಗೇಟು ನೀವು ಕಟ್ಟಿಸಿಕೊಡಿ, ಮುಂದಿನ ಇಪ್ಪತ್ತು ವರ್ಷ ಕಾಯುವ ಖರ್ಚಿಗೆ ನಮ್ಮ ಹತ್ತಿರ ಇಂಥ ಖಾತೆಯಲ್ಲಿ ಇಷ್ಟು ಹಣ ಇದೆ ಅಂತ ಬರೆಯುವ ನಗರಕ್ಕೆ ಹೆಚ್ಚು ಕೇಳುವ ಧೈರ್ಯ ಬರುತ್ತದೆ. ಮೊದಲ ಸಲ 2,500 ಕೋಟಿ ಏಳು ನಗರಗಳಿಗೆ ಹಂಚಿತ್ತು. 2025ರಲ್ಲಿ ಭೋಪಾಲ್, ಜೈಪುರ, ಪಟ್ನಾ, ಗುವಾಹಟಿ ಸೇರಿ ಇನ್ನೂ 11 ನಗರಗಳ ಯೋಜನೆಗೆ ಒಪ್ಪಿಗೆ ಸಿಕ್ಕಿದೆ. ಸಾಲು ಉದ್ದ ಆಗುತ್ತಿದೆ.

ಮೊನ್ನೆ ಆ ಅಕ್ಕನ ಮನೆ ಮುಂದೆ ಮತ್ತೆ ಹೋಗಿದ್ದೆ. ಬಚ್ಚಲಿಗೆ ಹೊಸದೊಂದು ಸಾಧನ ಹಾಕಿಸಿದ್ದರು. ನೀರು ಹೊರಗೆ ಹೋಗಬಹುದು, ಒಳಗೆ ಬರುವಂತಿಲ್ಲ, ಅಂಥ ಮುಚ್ಚಳ. ಪ್ಲಂಬರ್ ಖರ್ಚೂ ಸೇರಿ ಕೈಯಿಂದಲೇ ಹಾಕಿದ ದುಡ್ಡು. ‘ಈ ಸಲ ನೋಡ್ಬೇಕು’ ಅಂದರು. ಮರಳಿನ ಮೂಟೆ ಮಾತ್ರ ಮೂಲೆಯಲ್ಲಿ ಹಾಗೇ ಇತ್ತು.